ಸುಲ್ತಾನನ ಅರವಟ್ಟಿಗೆ, ನಮ್ಮ ಅಬ್ಬಿ ನೀರು

ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯ ಹೆಬ್ಬಾಗಿಲಿನೆದುರು ಸುಲ್ತಾನ ಮೂರನೇ ಅಹ್ಮದ್ 1728ರಲ್ಲಿ ಕಟ್ಟಿಸಿದ ನೀರಿನ ಮಂಟಪವಿದೆ. ಅದನ್ನು ಕಾರಂಜಿ ಅನ್ನುವುದು ರೂಢಿ, ಆದರೆ ಅಲ್ಲಿ ಚಿಮ್ಮುವ ನೀರೇ ಇಲ್ಲ. ನಾಲ್ಕು ಗೋಡೆಗೂ ಒಂದೊಂದು ನಲ್ಲಿ, ಅದರಡಿ ಕಲ್ಲಿನ ತೊಟ್ಟಿ: ಇದು ಚೆಶ್ಮೆ. ನಾಲ್ಕು ಮೂಲೆಗಳಲ್ಲಿ ದುಂಡಗೆ ಹೊರಚಾಚಿದ ಜಾಲರಿ ಕಿಟಕಿಗಳು. ಒಳಗಿದ್ದ ಆಳು ಬಟ್ಟಲು ತುಂಬಿಸಿ ದಾರಿಹೋಕರಿಗೆ ಪುಕ್ಕಟೆ ಕೊಡುತ್ತಿದ್ದ. ಇದು ಸೆಬಿಲ್, ನಮ್ಮ ಮಾತಿನಲ್ಲಿ ಅರವಟ್ಟಿಗೆ.

ಕೆತ್ತನೆ ಚೆಂದವೇ. ಆದರೆ ಗುಡ್ಡದ ಅಬ್ಬಿ (ಝರಿ) ನೀರನ್ನು ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಅಂಗಳಕ್ಕೆ ಇಳಿಸಿಕೊಂಡ ಮಲೆನಾಡಿಗರಿಗೆ ಮೊದಲು ಏಳುವ ಪ್ರಶ್ನೆ, ಪಂಪ್ ಇಲ್ಲದ ಕಾಲದಲ್ಲಿ ಆ ಊರಿಗೆ ನೀರು ಬಂದದ್ದು ಹೇಗೆ ಎನ್ನುವುದು.

ಬಂದದ್ದು ಇಳಿಜಾರಿನಿಂದಲೇ. ಊರ ಉತ್ತರದ ಬೆಲ್‌ಗ್ರೇಡ್ ಕಾಡಿನ ಕಟ್ಟೆಗಳಿಂದ ಕಾಲುವೆ, ಮೇಲ್ಗಾಲುವೆ, ಆಮೇಲೆ ಸುಟ್ಟ ಮಣ್ಣಿನ ಕೊಳವೆ. ಕೊಳವೆಯ ಸಂದುಗಳಿಗೆ ಸುಣ್ಣ, ಎಣ್ಣೆ, ಹತ್ತಿ ಸೇರಿಸಿ ಕುಟ್ಟಿದ ಅಂಟು. ಕಷ್ಟವಿದ್ದದ್ದು ತಗ್ಗು ದಾಟುವಲ್ಲಿ. 10 ಮೀಟರ್ ನೀರು ಮೇಲೆ ನಿಂತರೆ ಒತ್ತಡ ಚದರ ಸೆಂ.ಮೀ.ಗೆ ಸುಮಾರು 1 ಕೆ.ಜಿ. ಏರುತ್ತದೆ, ಮಣ್ಣಿನ ಕೊಳವೆಯ ಸಂದು ಬಿಡುತ್ತದೆ. ಅದಕ್ಕೇ ದಾರಿಯುದ್ದಕ್ಕೂ ಕಲ್ಲಿನ ಕಂಬಗೋಪುರ ನಿಲ್ಲಿಸಿದರು. ಒಂದು ಕೊಳವೆಯಲ್ಲಿ ಏರಿದ ನೀರು ನೆತ್ತಿಯ ತೆರೆದ ತೊಟ್ಟಿಗೆ ಬಿದ್ದು, ಒತ್ತಡವನ್ನೂ ಗಾಳಿಯನ್ನೂ ಅಲ್ಲೇ ಬಿಟ್ಟು, ಇನ್ನೊಂದರಲ್ಲಿ ಇಳಿಯುತ್ತಿತ್ತು. ಹೆಸರು ‘ಸು ತೆರಾಜಿ’, ನೀರಿನ ತಕ್ಕಡಿ. ನಮ್ಮ ‘ತ್ರಾಸು’ ಕೂಡ ಅದೇ ಪಾರ್ಸಿ ಮೂಲದ್ದು.

ನೀರು ಹಂಚುತ್ತಿದ್ದದ್ದೂ ಇಂಥ ತೊಟ್ಟಿಗಳಿಂದಲೇ. ಅಳತೆ ‘ಲೂಲೆ’: ತೊಟ್ಟಿಯ ಗೋಡೆಗೆ ಕೂರಿಸಿದ 26 ಮಿ.ಮೀ. ಬಾಯಿಯ ಗಿಡ್ಡ ನಳಿಗೆ, ಅದರ ನಡುಮಟ್ಟದಿಂದ 96 ಮಿ.ಮೀ. ಮೇಲೆ ನೀರು. ನಿಮಿಷಕ್ಕೆ 36 ಲೀಟರ್, ದಿನಕ್ಕೆ ಸುಮಾರು 52 ಸಾವಿರ. ನೀರಿನ ಮಟ್ಟ ಕಾಯ್ದುಕೊಂಡರೆ ಸಾಕು, ಮೀಟರೇ ಬೇಡ. ಇದಕ್ಕಿಂತ ಸರಳವಾದ ನ್ಯಾಯದ ಹಂಚಿಕೆ ಇಲ್ಲ. ತಕ್ಸಿಮ್ ಚೌಕಕ್ಕೆ ಆ ಹೆಸರು ಬಂದದ್ದೂ 1732ರ ಹಂಚಿಕೆ ತೊಟ್ಟಿಯಿಂದ. ತಕ್ಸಿಮ್ ಅಂದರೆ ಪಾಲು.

ಈ ತಕ್ಕಡಿ ನಮ್ಮ ಗುಡ್ಡಕ್ಕೂ ಬೇಕು. ದಬ್ಬೆ ಹೋಗಿ ಕಪ್ಪು ಪೈಪ್ ಬಂದ ಮೇಲೆ ಅಬ್ಬಿ ನೀರು ನಿಲ್ಲುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಬಾಯಿಗೆ ದರಗು (ಒಣ ಎಲೆ) ಕಟ್ಟುವುದು, ದಿಬ್ಬದ ನೆತ್ತಿಯಲ್ಲಿ ಗಾಳಿ ಸೇರುವುದು. ದರಗಿಗೆ ಜಾಲರಿ ಸಾಕು. ಗಾಳಿಗೆ ದಿಬ್ಬದ ಮೇಲೆ ಲೈನಿಗೆ ಮೂರು ಬಾಯಿಯ ಜೋಡಣೆ (ಟೀ) ಕೂರಿಸಿ, ಅದರಿಂದ ಮೇಲೇರುವ ಅರ್ಧ ಇಂಚಿನ ಪೈಪನ್ನು ಮರಕ್ಕೆ ಕಟ್ಟಿ, ಬಾಯಿ ತೆರೆದೇ ಬಿಡಿ. ಅದರ ತುದಿ ಅಬ್ಬಿಯ ನೀರಿನ ಮಟ್ಟಕ್ಕಿಂತ ಒಂದಡಿ ಮೇಲಿರಲಿ, ಇಲ್ಲವಾದರೆ ಕೆಳಗೆ ನಲ್ಲಿ ಮುಚ್ಚಿದಾಗ ನೀರೆಲ್ಲ ಅಲ್ಲೇ ಸುರಿಯುತ್ತದೆ. ಅಷ್ಟೆತ್ತರಕ್ಕೆ ಮರ ಸಿಗದಿದ್ದರೆ ದಿಬ್ಬದ ಮೇಲೆ 200 ಲೀಟರಿನ ಡ್ರಮ್ ಇಟ್ಟು ಲೈನ್ ಕಡಿಯಿರಿ. ಹೆಚ್ಚಾದ ನೀರು ಹೊರಹೋಗಲು ಮೇಲ್ಗಡೆ ಒಂದು ತೂತಿರಲಿ. 4 ಕೆ.ಜಿ. ಒತ್ತಡ ತಾಳುವ ಪೈಪ್ ಆದರೆ ಇಳಿತ 40 ಮೀಟರ್ ಮುಟ್ಟುವ ಮೊದಲೇ ಇಂಥ ಇನ್ನೊಂದು ಡ್ರಮ್ ಇಡಬೇಕು.