ಅಮ್ಮನನ್ನು ಕೇಳಿ ಹಾಕಿದ ದಿನಾಂಕಗಳು

ಮನೆಯ ಸರ್ವರ್‌ನಲ್ಲಿ ಫೋಟೋ ಗ್ಯಾಲರಿ ಶುರು ಮಾಡೋಕೆ ಅರ್ಧ ಗಂಟೆ ಸಾಕಾಯಿತು. ಅದರೊಳಗೆ ಹಳೆಯ ಫೋಟೋಗಳನ್ನು ಸರಿಯಾದ ಜಾಗದಲ್ಲಿ ಕೂರಿಸೋಕೆ ಇಡೀ ಭಾನುವಾರ ಹೋಯಿತು. ಆಮೇಲೂ ಮುಗಿಯಲಿಲ್ಲ.

ಯಾವ ಸಾಫ್ಟ್‌ವೇರ್ ಅನ್ನೋದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಪಿವಿಗೊ 2002ರಿಂದ ಇದೆ, ಆಲ್ಬಂ ಮಾಡಿ ನಾಲ್ಕು ಜನಕ್ಕೆ ತೋರಿಸೋಕೆ ಚೆನ್ನಾಗಿದೆ. ಫೋಟೋಪ್ರಿಸಂ ಈಗಾಗಲೇ ಇರುವ ಫೋಲ್ಡರ್‌ಗಳನ್ನು ಅಚ್ಚುಕಟ್ಟಾಗಿ ಓದಿಕೊಳ್ಳುತ್ತದೆ. ಆದರೆ ಫೋನಿನಿಂದ ಫೋಟೋ ಕಳಿಸಬೇಕು ಅಂದರೆ ಬೇರೆಯವರ ಆ್ಯಪ್ ಹಾಕಿಕೊಳ್ಳಬೇಕು. ಅಮ್ಮನಿಗೆ ಅದನ್ನೆಲ್ಲ ಹೇಳಿಕೊಡುತ್ತಾ ಕೂರೋದು ಯಾರು? ಫೋನಿನಲ್ಲಿ ತನ್ನಷ್ಟಕ್ಕೆ ತಾನೇ ಬ್ಯಾಕಪ್ ಆಗದ ಗ್ಯಾಲರಿ ಮನೆಮಂದಿಗೆ ಉಪಯೋಗವಿಲ್ಲ. ಹಾಗಾಗಿ ಇಮ್ಮಿಚ್. 2022ರಲ್ಲಿ ಶುರುವಾದ ಪ್ರಾಜೆಕ್ಟ್, ಆಂಡ್ರಾಯ್ಡ್‌ಗೂ ಐಫೋನಿಗೂ ಅದರದ್ದೇ ಆ್ಯಪ್ ಇದೆ. ಡಾಕರ್ (ಇಂಥ ಸರ್ವರ್ ಸಾಫ್ಟ್‌ವೇರ್‌ಗಳನ್ನು ಪ್ರತ್ಯೇಕವಾಗಿ ಓಡಿಸುವ ವ್ಯವಸ್ಥೆ) ಇದ್ದ ಹಳೆಯ ಡೆಸ್ಕ್‌ಟಾಪ್‌ನಲ್ಲಿ, ಏನೇನು ಓಡಿಸಬೇಕು ಅಂತ ಅದಕ್ಕೆ ಹೇಳುವ ಕಂಪೋಸ್ ಫೈಲ್ ಇಟ್ಟು, ಫೋಟೋಗಳು ಯಾವ ಡಿಸ್ಕಿಗೆ ಹೋಗಬೇಕು ಅಂತ ಒಂದು ಸಾಲು ತಿದ್ದಿ, ಬ್ರೌಸರ್‌ನಲ್ಲಿ ಇಮ್ಮಿಚ್‌ನ ಬಾಗಿಲಾದ 2283ನೇ ಪೋರ್ಟ್ ತೆರೆದೆ. ಲಾಗಿನ್ ಪುಟ ಬಂತು. ಅಷ್ಟೇ.

ಮೊದಲು ಗೂಗಲ್ ಫೋಟೋಸ್‌ನಲ್ಲಿದ್ದದ್ದನ್ನು ಟೇಕ್‌ಔಟ್ ಅನ್ನುವ ಗೂಗಲ್‌ನದೇ ಸೇವೆಯ ಮೂಲಕ ಇಳಿಸಿಕೊಂಡೆ. ಝಿಪ್ ಒಳಗೆ ಪ್ರತಿ ಫೋಟೋದ ಪಕ್ಕದಲ್ಲಿ ಒಂದೊಂದು ಜೇಸನ್ ಫೈಲ್ ಇರುತ್ತದೆ. ತೆಗೆದ ಸಮಯ, ಜಾಗ, ನಾವು ಬರೆದ ವಿವರಣೆ ಎಲ್ಲ ಅದರಲ್ಲಿ. ಇಮ್ಮಿಚ್-ಗೋ ಅನ್ನುವ ಚಿಕ್ಕ ಕಮಾಂಡ್ ಲೈನ್ ಟೂಲ್ ಝಿಪ್ ಬಿಚ್ಚದೆಯೇ ಎರಡನ್ನೂ ಜೋಡಿಸಿ ಸರ್ವರ್‌ಗೆ ಹಾಕುತ್ತದೆ. ಅದು ಸಲೀಸಾಗಿ ಮುಗಿಯಿತು.

ತಕರಾರು ತೆಗೆದದ್ದು ಹಳೆಯ ಎಕ್ಸ್‌ಟರ್ನಲ್ ಡಿಸ್ಕ್. ಅದನ್ನು ಹಾಕಿ ಟೈಮ್‌ಲೈನ್ ನೋಡಿದರೆ ಒಂದೇ ಒಂದು ದಿನದಲ್ಲಿ ಸಾವಿರಾರು ಫೋಟೋ. ನಾನು ಪುಟ್ಟ ಹುಡುಗ, ತಂಗಿಯ ಮದುವೆ, ಹೋದ ವರ್ಷದ ಪ್ರವಾಸ, ಎಲ್ಲ ಒಂದೇ ದಿನ ನಡೆದ ಹಾಗೆ. ಯೋಚಿಸಿದರೆ ಅದು ಆ ಡಿಸ್ಕಿಗೆ ಎಲ್ಲವನ್ನೂ ಕಾಪಿ ಮಾಡಿದ ದಿನ. ಗ್ಯಾಲರಿ ಮೊದಲು ಫೋಟೋ ಒಳಗಿನ ಎಕ್ಸಿಫ್‌ನಲ್ಲಿ (ಕ್ಯಾಮೆರಾ ಫೋಟೋ ಜೊತೆಗೇ ಬರೆದಿಡುವ ವಿವರ) ತೆಗೆದ ದಿನಾಂಕ ಹುಡುಕುತ್ತದೆ. ಅದು ಇಲ್ಲದಿದ್ದರೆ ಫೈಲಿನ ದಿನಾಂಕವನ್ನೇ ನಂಬುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದ ಫೋಟೋದಲ್ಲಿ ಎಕ್ಸಿಫ್ ಉಳಿಯೋದಿಲ್ಲ. ನಮ್ಮ ಮನೆಯ ಅರ್ಧ ಚರಿತ್ರೆ ಬಂದಿರೋದೇ ಆ ದಾರಿಯಲ್ಲಿ.

ಪುಣ್ಯಕ್ಕೆ ಫೈಲಿನ ಹೆಸರಲ್ಲಿ ದಿನಾಂಕ ಇತ್ತು. ‘ಐಎಂಜಿ-20190312-ಡಬ್ಲ್ಯೂಎ0004’ ಅಂದರೆ 2019ರ ಮಾರ್ಚ್ 12ರಂದು ಬಂದ ಫೋಟೋ. ಕೊನೆಯ 0004 ಆ ದಿನದ ಕ್ರಮಸಂಖ್ಯೆ. ಎಕ್ಸಿಫ್ ತಿದ್ದುವ ಎಕ್ಸಿಫ್‌ಟೂಲ್‌ಗೆ ಸುಮ್ನೆ ಹೆಸರಿನಿಂದ ದಿನಾಂಕ ತಗೋ ಅಂದರೆ ಆ ಅಂಕಿಯನ್ನೂ ಸಮಯ ಅಂದುಕೊಳ್ಳುತ್ತದೆ. ಅದಕ್ಕೇ ಡಬ್ಲ್ಯೂಎ ಆದಮೇಲಿನದ್ದನ್ನು ಬಿಟ್ಟು, ಎಲ್ಲಕ್ಕೂ ಮಧ್ಯಾಹ್ನ ಹನ್ನೆರಡು ಗಂಟೆ ಅಂತ ಬರೆಸಿದೆ. ಇದು ಫೋಟೋ ತೆಗೆದ ದಿನ ಅಲ್ಲ, ನಮಗೆ ಬಂದ ದಿನ. ಇರಲಿ, ಒಂದೆರಡು ದಿನ ಆಚೆ ಈಚೆ ಆದರೆ ಯಾರಿಗೇನು ನಷ್ಟ?

ಒಂದು ವಿಷಯ ನೆನಪಿರಲಿ. ಇಮ್ಮಿಚ್ ಚೆಕ್‌ಸಮ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕುವ ಗುರುತಿನ ಸಂಖ್ಯೆ) ನೋಡಿ ಒಂದೇ ಫೈಲನ್ನು ಎರಡು ಸಲ ಸೇರಿಸಿಕೊಳ್ಳೋದಿಲ್ಲ. ಆದರೆ ಎಕ್ಸಿಫ್ ತಿದ್ದಿದರೆ ಚೆಕ್‌ಸಮ್ಮೂ ಬದಲಾಗುತ್ತದೆ, ಸರ್ವರ್ ಪಾಲಿಗೆ ಅದು ಹೊಸ ಫೋಟೋ. ಹಾಗಾಗಿ ಹಳೆಯ ಕಂತನ್ನು ಪೂರ್ತಿ ಅಳಿಸಿಯೇ ತಿದ್ದಿದ್ದನ್ನು ಹಾಕಬೇಕು.

ಇನ್ನು ಉಳಿದದ್ದು ಆಲ್ಬಂನಿಂದ ಸ್ಕ್ಯಾನ್ ಮಾಡಿದ ಪ್ರಿಂಟುಗಳು. ಇವುಗಳಲ್ಲಿ ಇರೋದು ಸ್ಕ್ಯಾನ್ ಆದ ದಿನ. ಹೆಸರಲ್ಲೂ ಸುಳಿವಿಲ್ಲ. ಯಾವ ಟೂಲೂ ಇಲ್ಲಿ ಕೆಲಸಕ್ಕೆ ಬರೋದಿಲ್ಲ. ಅಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ.

ಒಂದು ಫೋಟೋದಲ್ಲಿ ನಾನು ಬಾಯಿ ತೆರೆದು ನಗುತ್ತಿದ್ದೆ. ಅಮ್ಮ ಕನ್ನಡಕ ಮೇಲೆತ್ತಿ, ಸ್ಕ್ರೀನಿನ ಹತ್ತಿರ ಬಗ್ಗಿ ನೋಡಿದರು. “ಮುಂದಿನ ಎರಡು ಹಲ್ಲು ಇಲ್ಲ ನೋಡು. ಒಂದನೇ ಕ್ಲಾಸು. ಸ್ವೆಟರ್ ಹಾಕಿದೀಯ, ಅಂದ್ರೆ ಡಿಸೆಂಬರ್.” ಇನ್ನೊಂದರಲ್ಲಿ ಹಿಂದಿನ ಗೋಡೆಗೆ ಇನ್ನೂ ಬಣ್ಣ ಬಳಿದಿರಲಿಲ್ಲ. ಅದರ ಇಸವಿ ಅಲ್ಲೇ ಸಿಕ್ಕಿತು. ಒಂದಷ್ಟು ಫೋಟೋ ಆರಿಸಿ ಒಟ್ಟಿಗೆ ದಿನಾಂಕ ಬದಲಿಸೋಕೆ ಇಮ್ಮಿಚ್‌ನಲ್ಲೇ ಅವಕಾಶ ಇದೆ. ಮೂಲ ಫೈಲನ್ನು ಅದು ಮುಟ್ಟೋದಿಲ್ಲ, ಪಕ್ಕದಲ್ಲಿ ಎಕ್ಸ್‌ಎಂಪಿ ಅಂತ ಪುಟ್ಟ ಫೈಲ್ ಮಾಡಿ ಅದರಲ್ಲಿ ಬರೆದಿಡುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದೇ. ನಾಳೆ ಈ ಸಾಫ್ಟ್‌ವೇರ್ ಬೇಡ ಅನ್ನಿಸಿದರೂ ಅಮ್ಮ ಹೇಳಿದ್ದು ಫೋಟೋ ಪಕ್ಕದಲ್ಲೇ ಇರುತ್ತದೆ.

ಅಷ್ಟರಲ್ಲಿ ಹಿಂದೆ ಮುಖ ಗುರುತಿಸುವ ಕೆಲಸ ನಡೆದಿತ್ತು. ಕಂಪ್ಯೂಟರ್ ಫ್ಯಾನ್ ಜೋರಾಗಿ ಕೂಗುತ್ತಿತ್ತು. ದೊಡ್ಡವರನ್ನು ಅದು ಚೆನ್ನಾಗಿಯೇ ಹಿಡಿಯಿತು. ಮಕ್ಕಳ ವಿಷಯದಲ್ಲಿ ಮಾತ್ರ ಗೊಂದಲ. ಕೂಸಾಗಿದ್ದಾಗಿನ ನಾನೂ ತಂಗಿಯೂ ಒಬ್ಬರೇ ಅಂತ ಅದರ ತೀರ್ಮಾನ. “ಅದಕ್ಕೇನು ಗೊತ್ತು, ನಂಗೇ ಕಷ್ಟ” ಅಂದರು ಅಮ್ಮ. ಒಂದು ಮುಖ ಕನಿಷ್ಠ ಮೂರು ಕಡೆ ಕಂಡರೆ ಇಮ್ಮಿಚ್ ಅದನ್ನು ಒಬ್ಬ ವ್ಯಕ್ತಿ ಅಂತ ಪಟ್ಟಿಗೆ ಸೇರಿಸುತ್ತದೆ. ಮದುವೆ ಫೋಟೋಗಳ ಹಿಂದೆಲ್ಲ ಸುಳಿದಾಡಿದ ಒಬ್ಬ ಕ್ಯಾಮೆರಾದವನೂ ಹೀಗೆ ನಮ್ಮ ಮನೆಯವನಾದ. ಅವನನ್ನು ಮರೆಮಾಡುವ ಬಟನ್ ಇದೆ, ಆದರೆ ಅಮ್ಮ ಒಪ್ಪಲಿಲ್ಲ.

ಈ ಹೆಸರುಗಳೆಲ್ಲ ಇರೋದು ಡೇಟಾಬೇಸಿನಲ್ಲಿ. ಆದ್ದರಿಂದ ಫೋಟೋ ಫೋಲ್ಡರ್ ಒಂದನ್ನೇ ಕಾಪಿ ಮಾಡಿಟ್ಟರೆ ಸಾಲದು. ಇಮ್ಮಿಚ್ ದಿನಾ ರಾತ್ರಿ ಎರಡು ಗಂಟೆಗೆ ತಾನೇ ಡೇಟಾಬೇಸಿನ ಒಂದು ಪ್ರತಿ ತೆಗೆದು ಬ್ಯಾಕಪ್ ಫೋಲ್ಡರ್‌ಗೆ ಹಾಕುತ್ತದೆ. ಆದರೆ ಆ ಫೋಲ್ಡರ್ ಇರೋದೂ ಅದೇ ಡಿಸ್ಕಿನಲ್ಲಿ ತಾನೇ. ಅದನ್ನೂ ಫೋಟೋಗಳನ್ನೂ ಇನ್ನೊಂದು ಡಿಸ್ಕಿಗೆ ಹಾಕಿ ತಂಗಿಯ ಮನೆಯಲ್ಲಿ ಇಟ್ಟಿದ್ದೇನೆ. ಹೊರಗಿನಿಂದ ನೋಡೋಕೆ ಪೋರ್ಟ್ ತೆರೆದಿಟ್ಟಿಲ್ಲ, ವೈರ್‌ಗಾರ್ಡ್ ಅನ್ನುವ ವಿಪಿಎನ್ (ಮನೆಯ ನೆಟ್‌ವರ್ಕಿಗೆ ಸುರಕ್ಷಿತ ಖಾಸಗಿ ದಾರಿ) ಮೂಲಕವೇ ಬರಬೇಕು.

ಅಮ್ಮನಿಗೂ ನೆನಪಾಗದ ಫೋಟೋಗಳನ್ನು ಒಂದು ಆಲ್ಬಂಗೆ ಹಾಕಿ, ಚಿಕ್ಕಪ್ಪನಿಗೂ ಅತ್ತೆಗೂ ಅಕೌಂಟ್ ಮಾಡಿ ಹಂಚಿದೆ. ಫೋಟೋದ ಕೆಳಗೆ ಕಾಮೆಂಟ್ ಬರೆಯಬಹುದು. ಮೊದಲನೆಯ ಫೋಟೋಗೆ ಚಿಕ್ಕಪ್ಪ 1987 ಅಂದರು. ಅತ್ತೆ 1989 ಅನ್ನುತ್ತಾರೆ, 1987ರಲ್ಲಿ ಫೋಟೋದಲ್ಲಿರೋ ಸ್ಕೂಟರ್ ಇನ್ನೂ ಕೊಂಡಿರಲಿಲ್ಲವಂತೆ. ಸ್ಕೂಟರ್ ಯಾರದ್ದು ಅನ್ನೋದೇ ಈಗ ಚರ್ಚೆ.