ಹಳೇಬೀಡಿಗೆ ಮೊಬೈಲ್‌ನಲ್ಲಿ ಶಿಖರ

ನವೆಂಬರ್ 16, 2025, ಭಾನುವಾರ
ಹಾಸನ

ತಮ್ಮನ ಮಗ ಬೆಂಗಳೂರಿನಿಂದ ಬಂದಿದ್ದಾನೆ. ವಿಆರ್ (ಹೆಡ್‌ಸೆಟ್ ಹಾಕಿಕೊಂಡು ನೋಡುವ ಕಂಪ್ಯೂಟರ್ ದೃಶ್ಯ), ಎಆರ್ (ಎದುರಿಗೆ ಇರುವುದರ ಮೇಲೆ ಪರದೆಯಲ್ಲಿ ಚಿತ್ರ ಕೂರಿಸುವುದು) ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಅವನಿಗೆ ಕೆಲಸ. ಹೊಯ್ಸಳರ ಗುಡಿಗಳಿಗೆ ಬರುವ ಪ್ರವಾಸಿಗರಿಗಾಗಿ ಒಂದು ಆ್ಯಪ್ ಮಾಡುತ್ತಿದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದವಲ್ಲ, ಈಗ ಮಾಡದೆ ಇನ್ಯಾವಾಗ ಅನ್ನುವುದು ಅವನ ವಾದ. ಕನ್ನಡದ ವಿವರಣೆ ನಾನು ಬರೆದುಕೊಡಬೇಕಂತೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಅತ್ತೆ ಇರುವಾಗ ಬೇರೆಯವರಿಗೆ ದುಡ್ಡು ಯಾಕೆ ಸುರಿಯಬೇಕು ಅಲ್ವಾ! ನೋಡದೆ ಬರೆಯುವುದಿಲ್ಲ ಅಂದೆ. ಬೆಳಗ್ಗೆ ಹಳೇಬೀಡು, ಮಧ್ಯಾಹ್ನದ ಮೇಲೆ ಬೇಲೂರು ಅಂತ ಹೊರಟೆವು.

ಹಳೇಬೀಡಿನಲ್ಲಿ ಹುಲ್ಲಿನ ಮೇಲೆ ನಿಂತು ಟ್ಯಾಬ್ ಎತ್ತಿ ಹಿಡಿದ. ಈಗ ಶಿಖರವೇ ಇಲ್ಲದ ಹೊಯ್ಸಳೇಶ್ವರ, ಶಾಂತಲೇಶ್ವರ ಎರಡೂ ಗುಡಿಗಳ ಮೇಲೆ ಪರದೆಯಲ್ಲಿ ಒಂದೊಂದು ಶಿಖರ ಬಂದು ಕೂತಿತು. ಕಳಶ ಸಮೇತ. ಶಾಲಾ ಪ್ರವಾಸಕ್ಕೆ ಬಂದಿದ್ದ ಮಕ್ಕಳು ಮುತ್ತಿಕೊಂಡರು. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ನೆರಳು ಕೂಡ ಸರಿಯಾದ ಕಡೆಗೇ ಬಿದ್ದಿತ್ತು.

"ಈ ಶಿಖರ ಎಲ್ಲಿಂದ ತಂದೆಯೋ?" ಅಂತ ಕೇಳಿದೆ.

"ದೊಡ್ಡಗದ್ದವಳ್ಳಿದು ನೋಡ್ಕೊಂಡು ಮಾಡಿದ್ದು ಅತ್ತೆ. ಮೇಲಿನ ಕೆತ್ತನೆ ಸೋಮನಾಥಪುರದ್ದು."

ದೊಡ್ಡಗದ್ದವಳ್ಳಿಯ ಗುಡಿ 12ನೇ ಶತಮಾನದ ಆರಂಭದ್ದು. ಸೋಮನಾಥಪುರದ್ದು 13ನೇ ಶತಮಾನದ್ದು. ಎರಡರ ನಡುವೆ ನೂರು ವರ್ಷಕ್ಕೂ ಜಾಸ್ತಿ ಅಂತರ. ಹಳೇಬೀಡಿನ ಕೆಲಸ ಶುರುವಾಗಿದ್ದು 1121ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ. ಅದಕ್ಕೆ ಶಿಖರ ಇದ್ದು ಬಿತ್ತೋ, ಕಟ್ಟುವುದೇ ಮುಗಿಯಲಿಲ್ಲವೋ ಅಂತ ವಿದ್ವಾಂಸರಲ್ಲಿ ಒಮ್ಮತ ಇಲ್ಲ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ, ಅಂದರೆ ಇದೇ ಹಳೇಬೀಡಿಗೆ ಬಂತು, ನಿಜ. ಹಾಗಂತ ಇಲ್ಲದೇ ಇರುವುದಕ್ಕೆಲ್ಲ ಅವನ ಕಡೆ ಬೆರಳು ತೋರಿಸುವುದು ಸುಲಭದ ದಾರಿ. ತಜ್ಞರು ಜಗಳವಾಡುವ ಈ ಜಾಗದಲ್ಲಿ ಟ್ಯಾಬ್‌ಗೆ ಮಾತ್ರ ಒಂದು ಚೂರೂ ಅನುಮಾನ ಇಲ್ಲ. ಆ ಮಕ್ಕಳು ಊರಿಗೆ ಹೋಗಿ ಹಳೇಬೀಡಿನ ಶಿಖರ ಹೀಗಿತ್ತು ಅಂತಲೇ ಹೇಳುತ್ತಾರೆ. ಪರೀಕ್ಷೆಯಲ್ಲಿ ಬರೆದರೆ ಅಂಕ ಕಳೆಯಬೇಕಾದವಳು ನಾನು.

ಇದು ನನ್ನೊಬ್ಬಳ ತಕರಾರಲ್ಲ. ಪರಂಪರೆಯ ಜಾಗಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುವವರಿಗಾಗಿಯೇ ಲಂಡನ್ ಚಾರ್ಟರ್ ಅಂತ ಒಂದಿದೆ, 2009ರದ್ದು. ಯಾವುದಕ್ಕೆ ಆಧಾರ ಇದೆ, ಯಾವುದು ಊಹೆ ಅನ್ನುವುದು ನೋಡುವವರಿಗೆ ಗೊತ್ತಾಗಬೇಕು, ಆ ಊಹೆಗೆ ಕಾರಣ ಏನು ಅಂತ ಬರೆದಿಡಬೇಕು ಅನ್ನುತ್ತದೆ ಅದು. ಫ್ರಾನ್ಸಿನ ಕ್ಲೂನಿಯಲ್ಲಿ ದೊಡ್ಡ ಮಠದ ಚರ್ಚ್ ಇತ್ತು. ಕ್ರಾಂತಿಯ ನಂತರ ಅದನ್ನು ಕೆಡವಿ ಕಲ್ಲು ಮಾರಿಕೊಂಡರು. ಈಗ ಅದೇ ಜಾಗದಲ್ಲಿ ನಿಲ್ಲಿಸಿರುವ ಪರದೆಗಳಲ್ಲಿ ಇಡೀ ಚರ್ಚ್ ಕಾಣುತ್ತದೆ. ಅವರಿಗೆ ಹಳೆಯ ಚಿತ್ರಗಳಿವೆ, ಅಗೆದು ತೆಗೆದ ಅಡಿಪಾಯ ಇದೆ. ನಮ್ಮ ಹುಡುಗನ ಹತ್ತಿರ ಇರುವುದು ಬೇರೆ ಎರಡು ಗುಡಿಗಳ ಫೋಟೋ.

"ಇರೋದನ್ನ ಕಲ್ಲಿನ ಬಣ್ಣದಲ್ಲಿ ತೋರಿಸು. ಊಹೇನ ಬರೀ ಗೆರೆಯಲ್ಲಿ ತೋರಿಸು. ಶಿಖರವೇ ಇಲ್ಲದ್ದೂ ಒಂದಿರಲಿ" ಅಂದೆ.

"ಗೆರೆ ಹಾಕಿದ್ರೆ ಯಾರು ನೋಡ್ತಾರೆ ಅತ್ತೆ? ಡೆಮೊದಲ್ಲಿ ಜನ ವಾವ್ ಅನ್ನಬೇಕು."

ಅಲ್ಲಿಗೆ ಮಾತು ನಿಂತಿತು. ಹೆಡ್‌ಸೆಟ್ ಕೂಡ ಹಾಕಿ ನೋಡಿದೆ. ತಾನಾಗಿಯೇ ಗುಡಿಯ ಸುತ್ತ ಒಯ್ಯುವ ಒಂದು ದೃಶ್ಯ ಇತ್ತು, ಅರ್ಧಕ್ಕೇ ತೆಗೆದೆ. ಕಣ್ಣು ಚಲಿಸುತ್ತಿದ್ದೇವೆ ಅನ್ನುತ್ತದೆ, ಒಳಗಿವಿ ಇಲ್ಲ ಅನ್ನುತ್ತದೆ, ತಲೆ ಸುತ್ತದೆ ಇನ್ನೇನು. ರೋಮಿನಲ್ಲಿ ನೀರೋ ಅರಮನೆಯ ಅವಶೇಷದೊಳಗೆ 2017ರಿಂದ ಹೆಡ್‌ಸೆಟ್ ಇದೆ, ಆದರೆ ಅಲ್ಲಿ ಜನರನ್ನು ಕೂರಿಸಿ ತೋರಿಸುತ್ತಾರೆ. ನೀನೂ ಕುರ್ಚಿ ಹಾಕು ಅಂದೆ. ಇನ್ನು ಹನ್ನೊಂದೂವರೆ ಬಿಸಿಲಿಗೆ ಟ್ಯಾಬ್‌ನಲ್ಲಿ ಏನೂ ಕಾಣಲಿಲ್ಲ. ಅದರ ಬಗ್ಗೆ ಬರೆಯುವುದಕ್ಕೇನೂ ಇಲ್ಲ, ಕೊಡೆ ಬೇಕು ಅಷ್ಟೆ.

ಬೇಲೂರಿಗೆ ಹೋದ ಮೇಲೆ ಜಗಳ ತಾನಾಗಿ ಕರಗಿತು. ಅಲ್ಲಿ ಊಹೆಯೇ ಬೇಕಿಲ್ಲದ ಒಂದು ಸಂಗತಿ ಇದೆ. ಚೆನ್ನಕೇಶವನ ನವರಂಗದೊಳಗೆ ಕಾಲಿಟ್ಟವರು ಮೊದಲು ಹೇಳುವ ಮಾತು, ಎಷ್ಟು ಕತ್ತಲೆ ಅಂತ. ಗೈಡ್ ಟಾರ್ಚ್ ಬಿಟ್ಟರೆ ಮೇಲಿನ ಭುವನೇಶ್ವರಿ, ಅಂದರೆ ಚಾವಣಿಯ ಕೆತ್ತನೆ, ಕಾಣುತ್ತದೆ. ಆದರೆ 1117ರಲ್ಲಿ ಅದು ತೆರೆದ ಮಂಟಪ. ಸುತ್ತಲಿನ ಜಾಲಂಧ್ರಗಳು, ಅಂದರೆ ತೂತುಗಳಿರುವ ಕಲ್ಲಿನ ತಡಿಕೆಗಳು, ಬಂದಿದ್ದು ಆಮೇಲೆ, ಎರಡನೇ ವೀರಬಲ್ಲಾಳನ ಕಾಲದಲ್ಲಿ. ಅಂದರೆ ಒಳಗಿನ ಆ ಕಂಬಗಳನ್ನು ಕಡೆದವರು ಕತ್ತಲೆಗಾಗಿ ಕಡೆಯಲಿಲ್ಲ. ಹೊರಗಿನ ಬೆಳಕು ನಯವಾದ ಕಂಬದ ಮೇಲೆ ಹೇಗೆ ಜಾರುತ್ತದೆ ಅಂತ ನೋಡಿಕೊಂಡೇ ಕೆಲಸ ಮಾಡಿರಬೇಕು. ಇದನ್ನು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಒಬ್ಬ ಹುಡುಗನೂ ತಲೆ ಎತ್ತಿ ನೋಡಿಲ್ಲ.

ಹೊರಗೆ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಹೇಳಿದೆ, "ಜಾಲಂಧ್ರ ತೆಗೆದು ತೋರಿಸು ನೋಡೋಣ." ಅವನ ಮಾಡೆಲ್‌ನಲ್ಲಿ ಅದು ಬೇರೆ ಪದರವಾಗಿಯೇ ಇತ್ತಂತೆ. ಲ್ಯಾಪ್‌ಟಾಪ್ ತೆಗೆದು ಅಳಿಸಿದ. ತಾರೀಕು, ಬೆಳಗಿನ ಹೊತ್ತು, ಬೇಲೂರಿನ ಅಕ್ಷಾಂಶ ಕೊಟ್ಟ. ಸೂರ್ಯ ಎಲ್ಲಿರುತ್ತಾನೆ ಅನ್ನುವುದು ಲೆಕ್ಕ, ಅದರಲ್ಲಿ ಊಹೆ ಇಲ್ಲ. ಬೆಳಕು ಪೂರ್ವದ ಕಡೆಯಿಂದ ನೆಲದ ಮೇಲೆ ಬಂದು ಕಂಬಗಳ ಬುಡ ಹತ್ತಿತು. ಕಾಫಿ ಆರಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ವಾವ್ ಅಂದಿದ್ದು ಅವನೇ.

ಕಂಬಗಳು ಮಾತ್ರ ಅವನ ಮಾಡೆಲ್‌ನಲ್ಲಿ ಕರಗಿದ ಮೇಣದ ಹಾಗಿವೆ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದಿನ್ನೂ ಕೈಗೆ ಬಂದಿಲ್ಲ, ಸದ್ಯಕ್ಕೆ ಎಲ್ಲ ಮೊಬೈಲ್ ಫೋಟೋ. ಒಂದೇ ಜಾಗವನ್ನು ಬೇರೆ ಬೇರೆ ಕೋನದಿಂದ ತೆಗೆದು ಕೊಟ್ಟರೆ ಸಾಫ್ಟ್‌ವೇರ್ ಎಲ್ಲ ಚಿತ್ರದಲ್ಲೂ ಇರುವ ಒಂದೇ ಚುಕ್ಕೆಯನ್ನು ಹುಡುಕಿ ಆಕಾರ ಕಟ್ಟುತ್ತದೆ. ಹೊರಗೋಡೆಯ ಆನೆ ಸಾಲು ಅದಕ್ಕೆ ಹಬ್ಬ. ಎಲ್ಲಿ ನೋಡಿದರೂ ಕೆತ್ತನೆ, ಹಿಡಿದುಕೊಳ್ಳಲು ಬೇಕಾದಷ್ಟು ಗುರುತು. ತಿರುಗಣಿಯಲ್ಲಿ ಕಡೆದು ಹೊಳಪು ಕೊಟ್ಟ ಕಂಬದಲ್ಲಿ ಗುರುತೇ ಕಡಿಮೆ. ಜೊತೆಗೆ ನಾವು ಸರಿದ ಹಾಗೆ ಹೊಳಪೂ ಸರಿಯುತ್ತದೆ. ಸಾಫ್ಟ್‌ವೇರ್ ಪಾಪ ಆ ಹೊಳಪನ್ನೇ ಕಲ್ಲು ಅಂದುಕೊಳ್ಳುತ್ತದೆ. ಒಂಬೈನೂರು ವರ್ಷದ ಹಿಂದಿನ ಪಾಲಿಶ್ ಈಗಿನ ಕಂಪ್ಯೂಟರಿಗೆ ಕಷ್ಟ ಕೊಡುತ್ತಿದೆ ಅಂತ ನನಗೆ ಒಳಗೊಳಗೇ ಖುಷಿ. ಅವನಿಗೆ ಹೇಳಲಿಲ್ಲ.

ಮದನಿಕೆಯರ ವಿಷಯದಲ್ಲಿ ತಕರಾರೇ ಇಲ್ಲ. ಸೂರಿನ ಕೆಳಗೆ, ಅಷ್ಟು ಎತ್ತರದಲ್ಲಿ ಇದ್ದಾರೆ. ಕತ್ತು ನೋಯಿಸಿಕೊಂಡು ದರ್ಪಣ ಸುಂದರಿಯನ್ನು ನೋಡಿ, ಸೆಲ್ಫಿ ತೆಗೆದು ಹೋಗುತ್ತಾರೆ ಜನ. ಟ್ಯಾಬ್ ಆ ಕೆತ್ತನೆಯನ್ನು ಕಣ್ಣಿನ ಮಟ್ಟಕ್ಕೆ ಇಳಿಸುತ್ತದೆ. ಬೆರಳಿನ ಉಗುರು, ತಲೆಯ ಮೇಲಿನ ಬಳ್ಳಿ, ಎಲ್ಲ ಹತ್ತಿರದಿಂದ ನೋಡಬಹುದು. ಕೆಲವು ಶಿಲ್ಪಗಳ ಜೊತೆ ಕೆತ್ತಿದವರ ಹೆಸರೇ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಪ್ಪ ಮಗ ಶಿವಮೊಗ್ಗದ ಕಡೆಯಿಂದ ಇಲ್ಲಿಗೆ ಬಂದು ಕೆಲಸ ಮಾಡಿ ಸಹಿ ಹಾಕಿದ್ದಾರೆ! ಆ್ಯಪ್ ಮಾತ್ರ ಶುರುವಾಗುವುದು ಜಕಣಾಚಾರಿಯ ಅನಿಮೇಷನ್‌ನಿಂದ. ಆ ಹೆಸರು ಬೇಲೂರಿನ ಶಿಲ್ಪಿಗಳ ಸಹಿಗಳಲ್ಲಿ ಇಲ್ಲ ಕಣೋ, ಅದು ಕಥೆ, ಕಥೆ ಅಂತ ಹೇಳಿಯೇ ಹೇಳು, ಮೊದಲು ದಾಸೋಜನನ್ನು ತೋರಿಸು ಅಂದೆ. ಇದಕ್ಕೆ ಒಪ್ಪಿದ. ಗರ್ಭಗುಡಿಯ ಕಡೆ ಯಾವುದೂ ಬೇಡ ಅಂದಿದ್ದಕ್ಕೂ ಒಪ್ಪಿದ. ದಿನಾ ಪೂಜೆ ನಡೆಯುವ ಗುಡಿ ಅದು. ಮಂಗಳಾರತಿ ಹೊತ್ತಿಗೆ ಟ್ಯಾಬ್ ಎತ್ತಿ ಹಿಡಿದರೆ ಹಿಂದೆ ನಿಂತವರಿಗೆ ದೇವರು ಕಾಣಬೇಕಲ್ಲ.

ಇಷ್ಟರಲ್ಲಿ ಒಬ್ಬರು ಗೈಡ್ ಹತ್ತಿರ ಬಂದರು. ವಯಸ್ಸಾದವರು. ಆಗಿನಿಂದ ನಮ್ಮನ್ನೇ ನೋಡುತ್ತಿದ್ದರಂತೆ. ಟ್ಯಾಬ್ ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಮದನಿಕೆಯ ವಿವರಣೆ ತಪ್ಪು ಜಾಗದಲ್ಲಿ ಬರುತ್ತಿರುವುದನ್ನು ಹಿಡಿದಿದ್ದು ಅವರೇ. ನಮ್ಮ ಹುಡುಗನಿಗೆ ಖುಷಿಯಾಯಿತು. "ಸರ್, ಕನ್ನಡದ ವಿವರಣೆ ನಿಮ್ಮ ಧ್ವನಿಯಲ್ಲೇ ರೆಕಾರ್ಡ್ ಮಾಡೋಣ್ವಾ?" ಅಂದ.

"ಮಾಡಣ. ಆಮೇಲೆ ಜನ ನನ್ನ ಕರೀತಾರಾ, ಇದನ್ನೇ ಇಟ್ಕೊಂಡು ಹೋಗ್ತಾರಾ?"

ಹುಡುಗ ನನ್ನ ಮುಖ ನೋಡಿದ. ನಾನು ಕಾಫಿ ಲೋಟ ನೋಡಿದೆ. ಒಂದು ಸಲ ದುಡ್ಡು ಕೊಟ್ಟು ಮುಗಿಸುವ ಲೆಕ್ಕ ಅವನದು. ಡೌನ್‌ಲೋಡ್‌ಗೆ ಇಷ್ಟು ಅಂತ ಬರಬೇಕು, ಆ್ಯಪ್‌ನೊಳಗೆ ಇಲ್ಲಿನ ಗೈಡ್‌ಗಳ ನಂಬರೂ ಇರಬೇಕು ಅನ್ನುವುದು ಅವರ ಲೆಕ್ಕ. ನನಗೆ ಅವರದೇ ಸರಿ ಅನ್ನಿಸಿತು, ಹೇಳಿಯೂ ಬಿಟ್ಟೆ. ಆಫೀಸಿನಲ್ಲಿ ಕೇಳಿ ಹೇಳುತ್ತೇನೆ ಅಂದಿದ್ದಾನೆ. ಅಲ್ಲಿಯತನಕ ನಾನೂ ಒಂದು ಸಾಲು ಬರೆದುಕೊಡುವುದಿಲ್ಲ.