ಜಂಬೋ ಕೌಜುಗ: ಈ ಪೀಳಿಗೆಯ ತೂಕ, ಮುಂದಿನ ಜೋಡಿಗಳು

ಪ್ರತಿ ಪೀಳಿಗೆಯಲ್ಲೂ ಭಾರದ ಹಕ್ಕಿಗಳನ್ನು ಆರಿಸಿ ಜೋಡಿ ಹಾಕಿ, ಕೌಜುಗದ ತೂಕ ಏರಿಸುವ ಪ್ರಯತ್ನ ನನ್ನದು. ಈ ಸಲದ ಮರಿಗಳಿಗೆ ನಾಲ್ಕು ವಾರ ತುಂಬಿದಾಗ ಎಲ್ಲವನ್ನೂ ತೂಗಿದ್ದೆ. ಸರಾಸರಿ 196 ಗ್ರಾಂ. ಹಿಂದಿನ ಪೀಳಿಗೆ ಇದೇ ವಯಸ್ಸಿನಲ್ಲಿ 185 ಇತ್ತು. ಬರೀ 11 ಗ್ರಾಂಗೆ ಇಷ್ಟೆಲ್ಲಾ ಒದ್ದಾಟವಾ ಅಂತ ಮನೆಯಲ್ಲಿ ನಗುತ್ತಾರೆ, ಆದರೆ ಲೆಕ್ಕದ ಪ್ರಕಾರ ಬರಬೇಕಾದಷ್ಟೇ ಬಂದಿದೆ. ಹಿಂದಿನ ಹಿಂಡಿನಿಂದ ನಾನು ಆರಿಸಿಟ್ಟ ಹಕ್ಕಿಗಳ ಸರಾಸರಿ 213, ಅಂದರೆ ಹಿಂಡಿಗಿಂತ 28 ಗ್ರಾಂ ಜಾಸ್ತಿ. ಆ 28 ಪೂರ್ತಿ ಮರಿಗಳಿಗೆ ಇಳಿಯುವುದಿಲ್ಲ. ಅದರಲ್ಲಿ ಒಂದಷ್ಟು ಮೇವಿನದ್ದು, ಒಂದಷ್ಟು ಬ್ರೂಡರ್‌ನಲ್ಲಿ (ಮರಿಗಳಿಗೆ ಶಾಖ ಕೊಡುವ ಪೆಟ್ಟಿಗೆ) ಬೆಚ್ಚಗಿನ ಮೂಲೆ ಸಿಕ್ಕಿದ್ದು. ಕೌಜುಗದ ತೂಕದಲ್ಲಿ ರಕ್ತದಿಂದ ಬರುವ ಪಾಲು ಸುಮಾರು 30ರಿಂದ 50 ಪರ್ಸೆಂಟ್ ಅಂತ ಇಟ್ಟುಕೊಂಡರೆ 11 ಸರಿಯಾಗಿಯೇ ಕೂರುತ್ತದೆ.

ಆರು ವಾರಕ್ಕೆ ಯಾಕೆ ತೂಗಬಾರದು ಅಂತ ಕೇಳುವವರಿಗೆ: ಆ ಹೊತ್ತಿಗೆ ಹೆಣ್ಣುಗಳು ಮೊಟ್ಟೆ ಶುರು ಮಾಡಿರುತ್ತವೆ. ಹೊಟ್ಟೆಯೊಳಗೆ ತಯಾರಾಗಿ ಕೂತಿರುವ ಒಂದು ಮೊಟ್ಟೆಯೇ 12-13 ಗ್ರಾಂ ತೂಗುತ್ತದೆ. ಆಗ ನೀವು ಆರಿಸುವುದು ದೊಡ್ಡ ಹಕ್ಕಿಯನ್ನಲ್ಲ, ಬೇಗ ಮೊಟ್ಟೆಗೆ ಬಂದ ಹಕ್ಕಿಯನ್ನು. ನಾಲ್ಕು ವಾರಕ್ಕೆ ಆ ಗೊಂದಲವಿಲ್ಲ. ಎದೆಯ ಪುಕ್ಕವೂ ತಿಳಿಯಾಗಿ ಕಾಣುತ್ತದೆ, ಗಂಡಿಗೆ ಕೆಂಗಂದು, ಹೆಣ್ಣಿಗೆ ಕಪ್ಪು ಚುಕ್ಕೆ. ಗಂಡನ್ನು ಗಂಡಿನ ಜೊತೆ, ಹೆಣ್ಣನ್ನು ಹೆಣ್ಣಿನ ಜೊತೆಯೇ ಹೋಲಿಸಬೇಕು, ಯಾಕೆಂದರೆ ಕೋಳಿಯ ಹಾಗಲ್ಲ, ಇಲ್ಲಿ ಹೆಣ್ಣೇ ದೊಡ್ಡದು.

ತೂಗುವುದು ಬೆಳಿಗ್ಗೆ ಮೇವು ಹಾಕುವ ಮೊದಲು. ಹಳೇ ಕಾಲುಚೀಲದೊಳಗೆ ತಲೆ ಮುಂದಾಗಿ ಇಳಿಸಿದರೆ ಹಕ್ಕಿ ಗಪ್‌ಚುಪ್. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲಿಟ್ಟು, ಕೊನೆಯ ಅಂಕಿ ಕುಣಿಯುವುದು ನಿಂತ ಮೇಲೆ ಬರೆದುಕೊಳ್ಳುವುದು, ಅಷ್ಟೇ. ಮೇವು ಮಾತ್ರ ಎಲ್ಲಾ ಪೀಳಿಗೆಗೂ ಒಂದೇ, 26 ಪರ್ಸೆಂಟ್ ಪ್ರೋಟೀನ್ ಇರುವ ಸ್ಟಾರ್ಟರ್, ಅಂದರೆ ಎಳೆ ಮರಿಗಳ ಮೇವು. ನಡುವೆ ಮೇವು ಬದಲಾಯಿಸಿದರೆ ತೂಕ ಏರಿದ್ದು ತಳಿಯಿಂದಲೋ ತಟ್ಟೆಯಿಂದಲೋ ಯಾರಿಗೆ ಗೊತ್ತಾಗುತ್ತದೆ?

ಈಗ ತಲೆನೋವಿನ ವಿಷಯ. ಈ ಹಿಂಡಿನ ಅತಿ ಭಾರದ ಗಂಡು 231 ಗ್ರಾಂ, ನೋಡಲು ಪುಟ್ಟ ಕೋಳಿಯೇ. ಏಳನೇ ವಾರ ಬಂದರೂ ಅದರಲ್ಲಿ ನೊರೆ ಇಲ್ಲ. ಕೌಜುಗ ಗಂಡಿಗೆ ಬಾಲದ ಬುಡದಲ್ಲಿ, ಗುದದ ಮೇಲ್ಗಡೆ ಕೆಂಪಗೆ ಒಂದು ಉಬ್ಬು ಇರುತ್ತದೆ. ಮೆಲ್ಲಗೆ ಹಿಚುಕಿದರೆ ಶೇವಿಂಗ್ ಕ್ರೀಮ್ ಥರ ಬಿಳಿ ನೊರೆ ಬರಬೇಕು. ಬರದಿದ್ದರೆ ಅದು ಇನ್ನೂ ಬೆದೆಗೆ ಬಂದಿಲ್ಲ ಅಂತ ಅರ್ಥ. ದಿನಕ್ಕೆ 14 ಗಂಟೆ ಬೆಳಕು ಸಿಗುತ್ತಿದೆ, ಇದರ ತಮ್ಮಂದಿರೆಲ್ಲ ಆಗಲೇ ಕೂಗಾಡಿಕೊಂಡಿದ್ದಾರೆ. ಹಾಗಾಗಿ ಇದಕ್ಕೆ ಸಂಸಾರ ಯೋಗವಿಲ್ಲ. 222 ಗ್ರಾಂನ ಎರಡನೆಯದನ್ನು ಇಟ್ಟುಕೊಂಡೆ. ಬರೀ ತೂಕಕ್ಕೆ ಮರುಳಾಗಿ ಆರಿಸುತ್ತಾ ಹೋದರೆ ಮರಿಯಾಗುವ ಮೊಟ್ಟೆಗಳ ಸಂಖ್ಯೆ ಇಳಿಯುತ್ತದೆ, ಕೊಬ್ಬು ಏರುತ್ತದೆ. 9 ಗ್ರಾಂ ಬಿಟ್ಟುಕೊಟ್ಟರೆ ನನ್ನ ಗಂಟೇನೂ ಹೋಗುವುದಿಲ್ಲ ಅಲ್ವಾ.

ಮೂರನೇ ಗೂಡಿನಲ್ಲಿ ಈ ಇಳಿತ ಆಗಲೇ ಕಾಣಿಸುತ್ತಿದೆ. ಅಲ್ಲಿನ ಮೊಟ್ಟೆಗಳಲ್ಲಿ ಅರ್ಧಕ್ಕರ್ಧ ಮರಿಯಾಗಲಿಲ್ಲ, ಬೇರೆ ಎರಡು ಗೂಡುಗಳಲ್ಲಿ ಮುಕ್ಕಾಲು ಪಾಲು ಮರಿಯಾದವು. ಯಾವ ಹೆಣ್ಣಿನ ಮೊಟ್ಟೆ ಅಂತ ಹುಡುಕುವುದು ಕಷ್ಟವೇನಲ್ಲ. ಪ್ರತಿ ಹೆಣ್ಣಿನ ಮೊಟ್ಟೆಯ ಚಿಪ್ಪಿಗೂ ತನ್ನದೇ ಚಿತ್ತಾರ, ದಿನಾ ಹೆಚ್ಚುಕಡಿಮೆ ಅದೇ. ಒಂದರದ್ದು ಸಾಸಿವೆ ಚೆಲ್ಲಿದಷ್ಟು ಸಣ್ಣ ಚುಕ್ಕೆ, ಇನ್ನೊಂದರದ್ದು ಶಾಯಿ ಬಿದ್ದಂಥ ದೊಡ್ಡ ಕಲೆ. ಒಡೆದು ನೋಡಿದಾಗ ಖಾಲಿ ಇದ್ದವೆಲ್ಲ ಬಹುಪಾಲು ದೊಡ್ಡ ಕಲೆಯವೇ. ಅವಳು ಗೂಡಿನ ಅತಿ ಭಾರದ ಹೆಣ್ಣು. ಮುಂದಿನ ಸುತ್ತಿಗೆ ಅವಳಿಲ್ಲ.

ಜೋಡಿ ಹಾಕುವ ಕ್ರಮ ಹಳೆಯದೇ. ಹೆಣ್ಣುಮಕ್ಕಳು ಹುಟ್ಟಿದ ಗೂಡಿನಲ್ಲೇ ಉಳಿಯುತ್ತಾರೆ, ಗಂಡುಮಕ್ಕಳು ಪಕ್ಕದ ಗೂಡಿಗೆ: ಒಂದರದ್ದು ಎರಡಕ್ಕೆ, ಎರಡರದ್ದು ಮೂರಕ್ಕೆ, ಮೂರರದ್ದು ಒಂದಕ್ಕೆ. ಅಣ್ಣ-ತಂಗಿ ಕೂಡಿದರೆ ಕೌಜುಗ ಕೋಳಿಗಿಂತ ಬೇಗ ಕೆಡುತ್ತದೆ, ಕೆಲವೇ ಪೀಳಿಗೆಯಲ್ಲಿ ಸಂತಾನವೇ ನಿಂತುಹೋಗಬಹುದು. ಮೂರು ಗೂಡು ಸಾಲದು ಅಂತ ನನಗೆ ಈಗ ಅನಿಸುತ್ತಿದೆ. ಹೊರಗಿನಿಂದ ಒಂದೆರಡು ಗಂಡು ತಂದರೆ ತೂಕ ಸ್ವಲ್ಪ ಹಿಂದೆ ಬೀಳುತ್ತದೆ, ಬೀಳಲಿ. ಅವನ್ನು ಮೂರನೇ ಗೂಡಿಗೇ ಬಿಡುತ್ತೇನೆ. ತಂದ ಹೊಸತರಲ್ಲಿ ಕೆಲವು ವಾರ ದೂರದಲ್ಲೇ ಇಡಬೇಕು, ರೋಗ ಜೊತೆಗೆ ಬಂದರೆ ಹಿಂಡೆಲ್ಲ ಹೋಗುತ್ತದೆ.

ಕಾಲಿಗೆ ಬಣ್ಣದ ರಿಂಗ್ ಹಾಕಿಯಾಗಿದೆ. ಹೆಣ್ಣುಗಳು ಹೊಸ ಗಂಡಿನ ಜೊತೆ ಎರಡು ವಾರ ಕಳೆದ ಮೇಲಿನ ಮೊಟ್ಟೆ ಮಾತ್ರ ಇನ್‌ಕ್ಯುಬೇಟರ್‌ಗೆ, ಇಲ್ಲದಿದ್ದರೆ ಹಳೇ ಗಂಡಿನ ಮರಿ ಬಂದು ಲೆಕ್ಕ ತಪ್ಪುತ್ತದೆ. ತೀರಾ ದೊಡ್ಡವು ಬೇಡ, ಅವುಗಳಲ್ಲಿ ಎರಡು ಹಳದಿ ಇರುತ್ತವೆ, ಮರಿಯಾಗುವುದು ಅಪರೂಪ. 37.5 ಡಿಗ್ರಿ, 17 ದಿನ. ಮುಂದಿನ ತೂಕ ಆ ಮರಿಗಳಿಗೆ ನಾಲ್ಕು ವಾರವಾದಾಗ.